ಎರಡು ಕಿವಿಯ ಡಬ್ಬಿ

ಒಂದಾನೊಂದು ಊರಿತ್ತಂತೆ. ಆ ಊರಿನ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರಂತೆ. ಹೊತ್ತು ಮುಳುಗಿದ ಮೇಲೆ ಒಂದು ಹೆಣ್ಣುದೆವ್ವ ಬಂದು ಬಾಗಿಲ ಮುಂದೆ ನಿಂತು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ, ಸರಿ, ನಾಳೆಯೇ ಬಂದರಾಯಿತು ಎಂದು ತಿರುಗಿ ಹೋಗುತ್ತಿತ್ತಂತೆ. ಮಾರನೆಯ ದಿನ ಬಂದರೆ ಮತ್ತೆ ಅದೇ ಬರಹ. ಇಷ್ಟು ಕಥೆ ಯಾರ ಮನೆಯ ಅಜ್ಜಿಗಾದರೂ ಗೊತ್ತು. ಆದರೆ ಶೆಟ್ಟಿಹಳ್ಳಿಯ ಲಕ್ಷ್ಮಿದೇವಮ್ಮ ಮೊಮ್ಮಗಳು ಇಂದುವಿನ ತಲೆಗೆ ಎಣ್ಣೆ ಒತ್ತುತ್ತ ಹೇಳುತ್ತಿದ್ದ ಕಥೆಗೆ ಒಂದು ಬಾಲವಿತ್ತು. “ಆ ದೆವ್ವ ಯಾರ ಜೀವ ತಗಳಾಕೂ ಬರ್ತಿರ್ಲಿಲ್ಲ ಕಣೆ. ಬದುಕಿದ್ದಾಗ ಅವಳ ಮೊರ ಯಾರೋ ಇಸ್ಕೊಂಡೋಗಿದ್ರು, ವಾಪಸ್ ಕೊಟ್ಟಿರ್ಲಿಲ್ಲ. ಅದನ್ನ ಕೇಳಾಕೆ ಬರೋಳು. ಪಾಪ, ಬರೆದಿದ್ದನ್ನ ನಂಬೋಳು.” ಯಾರ ಮನೆಯಲ್ಲಿತ್ತು ಅಜ್ಜಿ ಮೊರ ಎಂದು ಇಂದು ಕೇಳಿದರೆ, “ಅದು ಗೊತ್ತಿದ್ರೆ ಊರೆಲ್ಲಾ ಯಾಕೆ ಇಂಗೆ ತಿರುಗೋಳು? ತಲೆ ಅಲ್ಲಾಡಿಸ್ಬೇಡ, ಸುಮ್ಕೆ ಕೂತ್ಕೊ” ಎನ್ನುತ್ತಿದ್ದಳು ಅಜ್ಜಿ.

ಈ ಕಥೆ ಈಗ ಇಂದುವಿನ ಮಹಾಪ್ರಬಂಧದ ಮೊದಲ ಅಧ್ಯಾಯದಲ್ಲಿದೆ, ‘ಮುಂದೂಡಿಕೆಯ ದೇಶೀ ಮಾದರಿ’ ಎಂಬ ಉಪಶೀರ್ಷಿಕೆಯ ಕೆಳಗೆ. ಬಾಲವನ್ನು ಮಾತ್ರ ಅವಳೇ ಕತ್ತರಿಸಿದ್ದಳು. ಅದಕ್ಕೆ ಆಧಾರ ಕೊಡಲು ಯಾವ ಪುಸ್ತಕವೂ ಸಿಕ್ಕಿರಲಿಲ್ಲ. ಎಣ್ಣೆಯ ಕೈಯನ್ನು ಅಡಿಟಿಪ್ಪಣಿಯಲ್ಲಿ ಹಾಕುವ ಪದ್ಧತಿ ಇನ್ನೂ ಬಂದಿಲ್ಲ.

ಸೋಲದೇವನಹಳ್ಳಿಯ ಕಾಲೇಜಿನ ಸಭಾಂಗಣದಲ್ಲಿ ಎರಡನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಅವಳು ತನ್ನ ಸರದಿಗೆ ಕಾಯುತ್ತಿದ್ದಳು. ವೇದಿಕೆಯ ಹಿಂದಿನ ಗೋಡೆಯ ಮೇಲೆ ‘ಮುಂದೂಡುವ ಪ್ರವೃತ್ತಿ: ಸಮಾಜ ಮತ್ತು ಮನಸ್ಸು’ ಎಂಬ ಬ್ಯಾನರು, ಅದರ ಮೇಲಿನ ದಿನಾಂಕದ ಮೇಲೆ ಬೇರೊಂದು ದಿನಾಂಕವನ್ನು ಅಂಟಿಸಿ, ಅದರ ಮೇಲೆ ಮತ್ತೊಂದನ್ನು ಅಂಟಿಸಿದ್ದರಿಂದ ಆ ಜಾಗ ಗಾಯಕ್ಕೆ ಪಟ್ಟಿ ಕಟ್ಟಿದಂತೆ ಉಬ್ಬಿಕೊಂಡಿತ್ತು. ಉದ್ಘಾಟಕರು ಹೆಬ್ಬಾಳದ ಫ್ಲೈಓವರಿನ ಮೇಲೆ ಸಿಕ್ಕಿಹಾಕಿಕೊಂಡಿದ್ದರಿಂದ ಉದ್ಘಾಟನೆಯನ್ನು ಊಟದ ನಂತರಕ್ಕೆ ಮುಂದೂಡಲಾಗಿದೆ ಎಂದು ಮಾರ್ಗದರ್ಶಕರಾದ ಪ್ರೊಫೆಸರ್ ವೆಂಕಟರಾಮಯ್ಯನವರು ಮೈಕಿನಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಈ ವಿಭಾಗದಲ್ಲಿ ಅಂಥದಕ್ಕೆ ನಗುವ ಕಾಲ ಮುಗಿದಿತ್ತು. ಇಂದು ಕ್ಷೇತ್ರಕಾರ್ಯಕ್ಕೆಂದು ಯಲಹಂಕದಿಂದ ಯಶವಂತಪುರದ ತನಕ ಹಂಚಿದ್ದ ಪ್ರಶ್ನಾವಳಿಗಳಲ್ಲಿ ಮುಕ್ಕಾಲು ಪಾಲು ಹಿಂತಿರುಗಿರಲೇ ಇಲ್ಲ. ಸಮಯಕ್ಕೆ ಸರಿಯಾಗಿ ತುಂಬಿ ಕೊಟ್ಟವರನ್ನು ವೆಂಕಟರಾಮಯ್ಯನವರು, “ಇವರು ನಮ್ಮ ಅಧ್ಯಯನಕ್ಕೆ ಬರೋದಿಲ್ಲಮ್ಮ, ಆರೋಗ್ಯವಂತರು” ಎಂದು ತೆಗೆದುಹಾಕಿದ್ದರು. ಕಾಲದ ನಿರ್ವಹಣೆಯ ಮೇಲೆ ಅವರದೇ ಒಂದು ಗ್ರಂಥ, ಇಂದು ಸಂಶೋಧನೆಗೆ ಸೇರುವ ಮೊದಲಿನಿಂದಲೂ, ಅಚ್ಚಿನಲ್ಲಿತ್ತು.

ಅವಳ ಕಾಲ ಬಳಿ ಚೀಲ, ಚೀಲದೊಳಗೆ ಲ್ಯಾಪ್‌ಟಾಪಿನ ಮಗ್ಗುಲಿಗೆ ಆ ಡಬ್ಬಿ. ಅದು ಅಲ್ಲಿ ಇದೆ ಎಂಬುದು ಚೀಲವನ್ನು ನೋಡದಿದ್ದರೂ ಪಾದಕ್ಕೆ ಗೊತ್ತಾಗುತ್ತಿತ್ತು. ಸ್ಟೀಲಿನ ಸಾಧಾರಣ ಡಬ್ಬಿ. ಇಕ್ಕೆಲದಲ್ಲಿ ಊಟದ ಕ್ಯಾರಿಯರಿನ ಸರಳು ತೂರುವ ಎರಡು ಪುಟ್ಟ ಕಿವಿ. ತಳದಲ್ಲಿ ಪಾತ್ರೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು, ಹಬೀಬುಲ್ಲಾ. ಎಷ್ಟೋ ವಾರಗಳಿಂದ ಅದನ್ನು ದಿನಾ ಕಾಲೇಜಿಗೆ ಹೊತ್ತು ತರುತ್ತಾಳೆ, ದಿನಾ ಹೊತ್ತು ಹೋಗುತ್ತಾಳೆ. ಇವತ್ತು ಕಾಲೇಜಿನಿಂದ ಸೀದಾ ಆರ್.ಟಿ. ನಗರಕ್ಕೆ ಹೋಗಿಬಿಡುವುದು ಎಂದು ಬೆಳಿಗ್ಗೆ ಚೀಲಕ್ಕೆ ಹಾಕುವಾಗ ಮನಸ್ಸು ಎಷ್ಟು ಹಗುರಾಗುತ್ತದೆಂದರೆ, ಕೊಟ್ಟು ಬಂದಷ್ಟೇ ಸಮಾಧಾನವಾಗಿ, ಆಮೇಲೆ ಕೊಡುವ ತುರ್ತೇ ಉಳಿಯುವುದಿಲ್ಲ. “ಏನೇ ಅದು, ಬಾಣಂತಿ ಮಗು ಹೊತ್ಕೊಂಡ ಹಾಗೆ ಹೊತ್ಕೊಂಡು ತಿರುಗ್ತೀಯ” ಎಂದು ಅವಳ ತಾಯಿ ರಾಧಾಮಣಿ ಇವತ್ತೂ ಬಾಗಿಲಲ್ಲಿ ನಿಂತು ಹೇಳಿದ್ದಳು. “ಒಂದು ಡಬ್ಬಿ ಕಣೇ ಅದು. ಪಿಎಚ್‌ಡಿ ಅಲ್ಲ.”

ಡಬ್ಬಿ ಮನೆಗೆ ಬಂದದ್ದು ಅಜ್ಜಿ ಆಸ್ಪತ್ರೆಯಲ್ಲಿದ್ದಾಗ. ಸಬೀರಾ ಆಂಟಿಯವರು ಆಗ ಶೆಟ್ಟಿಹಳ್ಳಿಯಲ್ಲಿ ಪಕ್ಕದ ಮನೆಯಲ್ಲೇ ಇದ್ದರು. ಅವರ ಮಗಳು ಜೋಯಾ ಚಿಕ್ಕವಳಿದ್ದಾಗ ಶಾಲೆಯ ಹೋಮ್‌ವರ್ಕಿಗೆಂದು ಬಂದು ಅಜ್ಜಿಯ ಕಥೆ ಕೇಳುತ್ತ ಇಂದುವಿನ ತೊಡೆಯ ಮೇಲೇ ನಿದ್ದೆಹೋಗುತ್ತಿದ್ದಳು. ಅಜ್ಜಿಗೆ ಆಸ್ಪತ್ರೆಯ ಊಟ ಸೇರದೆಂದು ಆಂಟಿ ಗಂಡನ ಕ್ಯಾರಿಯರಿನದೇ ಒಂದು ಡಬ್ಬಿ ಬಿಡಿಸಿ, ರವೆಗಂಜಿ ಹಾಕಿ, ತಟ್ಟೆ ಮುಚ್ಚಿ, ಬಟ್ಟೆ ಸುತ್ತಿ, ಎರಡು ಬಸ್ಸು ಬದಲಾಯಿಸಿ ತರುತ್ತಿದ್ದರು. “ಗಂಜಿಗೆ ಏಲಕ್ಕಿ ಹಾಕೋಳು ಭೂಮಿ ಮೇಲೆ ನೀನೊಬ್ಬಳೇ ಸಬೀರಮ್ಮ” ಎಂದು ಅಜ್ಜಿ ನಗುತ್ತಿದ್ದಳು. ಕೊನೆಯ ಸಲ ತಂದ ದಿನ ಡಬ್ಬಿ ಅಲ್ಲೇ ಉಳಿಯಿತು. ಅಜ್ಜಿ ಇಂದುವಿನ ಕೈ ಹಿಡಿದು, “ಖಾಲಿ ಕೊಡ್ಬೇಡ ಕಣೆ. ಪಾತ್ರೆ ಖಾಲಿ ವಾಪಸ್ ಓಗ್ಬಾರ್ದು. ನಾಕು ಕಜ್ಜಾಯ ಸುಟ್ಟು ಹಾಕು. ಏನೂ ಆಗ್ದಿದ್ರೆ ಒಂದು ಚಿಟಿಕೆ ಸಕ್ಕರೆ” ಎಂದಿದ್ದಳು. ಇಂದು ಮೊಬೈಲಿನಲ್ಲಿ ಏನನ್ನೋ ಓದುತ್ತಿದ್ದವಳು ತಲೆ ಎತ್ತದೆ, “ನಾಳೆ ಮಾಡ್ತೀನಿ ಅಜ್ಜಿ” ಎಂದಿದ್ದಳು. ಓದುತ್ತಿದ್ದದ್ದು ಮುಂದೂಡಿಕೆಯ ಮೇಲಿನ ಲೇಖನ. ಅಜ್ಜಿಗೆ ಅವಳು ಕೊಟ್ಟ ಕೊನೆಯ ಮಾತು ಅದೇ ಆಯಿತು.

ಹೆಸರು ಕೂಗಿದರು. ಅವಳು ಎದ್ದು ವೇದಿಕೆಗೆ ಹೋಗಿ, ಚೀಲವನ್ನು ಮೇಜಿನ ಮೇಲಿಟ್ಟು ಚಾರ್ಜರಿನ ತಂತಿ ಎಳೆದಳು. ತಂತಿಯ ಜೊತೆ ಡಬ್ಬಿಯೂ ಬಂತು. ಮೇಜಿನಿಂದ ಬಿದ್ದು, ಮೆಟ್ಟಿಲಿಗೆ ಬಡಿದು ಠಣ್ಣೆಂದು, ದಿಕ್ಕು ಗೊತ್ತಿರುವ ಪ್ರಾಣಿಯ ಹಾಗೆ ನಡುವಿನ ದಾರಿಯಲ್ಲಿ ಉರುಳುತ್ತ ಹೋಯಿತು. “ಏನಮ್ಮ ಇಂದು, ಇಷ್ಟು ಬೇಗ ಊಟದ ಡಬ್ಬಿ ತೆಗೆದುಬಿಟ್ಟೆ! ಊಟ ಒಂದನ್ನ ಮಾತ್ರ ನಾವು ಯಾರೂ ಮುಂದೂಡಲ್ಲ” ಎಂದರು ವೆಂಕಟರಾಮಯ್ಯನವರು. ಈ ಸಲ ಸಭೆ ನಕ್ಕಿತು. ಡಬ್ಬಿ ಹಿಂದಿನ ಸಾಲಿನ ಕುರ್ಚಿಗೆ ತಾಗಿ ನಿಂತಲ್ಲಿ ಒಬ್ಬ ಹುಡುಗಿ ಬಗ್ಗಿ ಎತ್ತಿಕೊಂಡಳು. ಅವಳು ಎತ್ತಿಕೊಳ್ಳುವ ಮೊದಲೇ ಇಂದುವಿಗೆ ಗೊತ್ತಾಗಿಬಿಟ್ಟಿತ್ತು. ಜೋಯಾ ಈ ವರ್ಷ ಇದೇ ಕಾಲೇಜಿನಲ್ಲಿ ಎಂ.ಎ.ಗೆ ಸೇರಿದ್ದಳು. ಸೇರಿದಂದಿನಿಂದ ಇಂದು ಗ್ರಂಥಾಲಯಕ್ಕೆ ಹಿಂದಿನ ಮೆಟ್ಟಿಲಿನಿಂದ ಹೋಗುತ್ತಿದ್ದಳು, ಕ್ಯಾಂಟೀನಿಗೆ ಎಲ್ಲರ ಊಟ ಮುಗಿದ ಮೇಲೆ ಹೋಗುತ್ತಿದ್ದಳು. ಜೋಯಾ ಡಬ್ಬಿಯನ್ನು ತಿರುಗಿಸಿ ತಳ ನೋಡಿದಳು. ಚುಕ್ಕೆಗಳ ಮೇಲೆ ಅವಳ ಹೆಬ್ಬೆರಳು ಒಂದು ಸಲ ಹಾಯಿತು. ತನ್ನ ಅಪ್ಪನ ಹೆಸರು. ಅವಳು ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡುಬಿಡಲಿ ಎಂದು ಇಂದು ಎದೆಯೊಳಗೇ ಬೇಡಿಕೊಂಡಳು. ಹಾಗೇನಾದರೂ ಆದರೆ ಎಲ್ಲ ಮುಗಿದುಹೋಗುತ್ತದೆ, ಖಾಲಿ ಕೊಟ್ಟ ಪಾಪವೂ ತನ್ನದಲ್ಲ, ಬಿದ್ದದ್ದು ತಾನೆ. ಜೋಯಾ ನಡೆದು ಬಂದು, ಎರಡು ಕೈಯಲ್ಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, “ಮೇಡಂ, ನಿಮ್ಮ ಡಬ್ಬಿ” ಎಂದಳು. ಶೆಟ್ಟಿಹಳ್ಳಿಯಲ್ಲಿ ಅವಳು ಅಕ್ಕಾ ಎನ್ನುತ್ತಿದ್ದಳು.

ಪರದೆಯ ಮೇಲೆ ಚಿತ್ರಗಳು ಬರತೊಡಗಿದವು. ತನ್ನ ಧ್ವನಿ ತಾನು ಕೇಳುತ್ತ, ಇಂದು ಶುಭಾರಂಭದ ಮುಂದೂಡಿಕೆ ಎಂದರೆ ಸೋಮವಾರದಿಂದ ಆರಂಭಿಸುವುದು, ಪರಿಪೂರ್ಣತೆಯ ಮುಂದೂಡಿಕೆ ಎಂದರೆ ಚೆನ್ನಾಗಿ ಮಾಡಲಾಗದಿದ್ದರೆ ಮಾಡದಿರುವುದು ಎಂದು ವಿವರಿಸಿದಳು. ಮುಂದಿನ ಪುಟ ಯಾವುದೆಂದು ಅವಳಿಗೆ ಗೊತ್ತಿತ್ತು. ದಾಟಿಸಿಬಿಡಬಹುದಿತ್ತು; ಬೆರಳು ಮಾತು ಕೇಳಲಿಲ್ಲ. ‘ಸಂಚಿತ ಸಂಕೋಚ. ಪ್ರಕರಣ ಕ: ಮರಳಿಸದ ಪಾತ್ರೆ. ಒಬ್ಬ ವಿದ್ಯಾವಂತ ಮಹಿಳೆ ನೆರೆಮನೆಯ ಪಾತ್ರೆಯನ್ನು ಮರಳಿಸಲು ತಡಮಾಡುತ್ತಾರೆ. ತಡವಾದಷ್ಟೂ ಅದರಲ್ಲಿ ತುಂಬಿ ಕೊಡಬೇಕಾದ ವಸ್ತು ದೊಡ್ಡದಾಗುತ್ತ ಹೋಗುತ್ತದೆ. ಒಂದು ಹಂತದ ನಂತರ ಪಾತ್ರೆಗೆ ಹಿಡಿಸುವ ಯಾವುದೂ ಸಾಲದಾಗುತ್ತದೆ.’ ಇದನ್ನು ಬರೆದ ದಿನ ಅವಳಿಗೆ ಎಷ್ಟು ಖುಷಿಯಾಗಿತ್ತು! ವೆಂಕಟರಾಮಯ್ಯನವರು, ಇದು ನಿನ್ನ ಸ್ವಂತದ ಕೊಡುಗೆ, ಪರದೇಶದವರೂ ಹೇಳಿಲ್ಲ ಎಂದಿದ್ದರು. ಆವತ್ತು ರಾತ್ರಿ ಅವಳು ಡಬ್ಬಿಯನ್ನು ಹೊಳೆಯುವಂತೆ ತೊಳೆದು ಕಪಾಟಿನಲ್ಲಿಟ್ಟಿದ್ದಳು, ಕೆಲಸಕ್ಕೆ ಬಂದ ಉಪಕರಣವನ್ನು ಇಡುವ ಹಾಗೆ.

ಪ್ರಕರಣದಲ್ಲಿ ಬರೆಯದೇ ಬಿಟ್ಟದ್ದೂ ಇತ್ತು. ಕಜ್ಜಾಯ ಮಾಡಲು ಅಕ್ಕಿ ನೆನೆಹಾಕಿದ್ದು, ಪಾಕ ಕಲ್ಲಾದದ್ದು, ಅಂಗಡಿಯಿಂದ ತಂದು ತುಂಬಿದರಾಯಿತು ಎಂದುಕೊಂಡು ಅಜ್ಜಿಯ ಹೆಸರಿನಲ್ಲಿ ಅಂಗಡಿಯದ್ದು ಕೊಡುವುದು ಹೇಗೆಂದು ಬಿಟ್ಟದ್ದು. ಚಿಟಿಕೆ ಸಕ್ಕರೆ ನೆನಪಿಗೆ ಬಂದಾಗಲೆಲ್ಲ, ಇಷ್ಟು ತಡವಾದ ಮೇಲೆ ಬರೀ ಸಕ್ಕರೆಯೇ ಎಂದು ನಾಚಿದ್ದು. ಬೀದಿಯಲ್ಲಿ ಆಂಟಿ ಎದುರಾದಾಗ, ಅವರು ಕೇಳುವ ಮೊದಲೇ, ಡಬ್ಬಿ ನಾಳೆ ತರ್ತೀನಿ ಎಂದದ್ದು. ಅಷ್ಟರಲ್ಲಿ ಆಂಟಿಯವರು ಮನೆ ಖಾಲಿ ಮಾಡಿ ಆರ್.ಟಿ. ನಗರಕ್ಕೆ ಹೋದದ್ದು. ಆಮೇಲೆ, ಒಂದು ಮಧ್ಯಾಹ್ನ ಅಮ್ಮ ಫೋನಿನಲ್ಲಿ, “ಹಬೀಬುಲ್ಲಾ ಅವರು ಹೋಗ್ಬಿಟ್ರಂತೆ ಕಣೆ, ಯಶವಂತಪುರದ ಅಂಗಡೀಲೇ, ಎದೆನೋವು” ಎಂದದ್ದು. ಅಮ್ಮ ಹೋಗಿಬಂದಳು, ಅಪ್ಪ ಹೋಗಿಬಂದರು. ಇಂದು ಮಾತ್ರ ‘ನಾಳೆ ಬರ್ತೀನಿ ಆಂಟಿ’ ಎಂದು ಮೆಸೇಜು ಕಳಿಸಿದಳು. ‘ಬಾ ಬೇಟಾ’ ಎಂದು ಉತ್ತರ ಬಂತು. ಆದರೆ ಹೋಗುವುದು ಹೇಗೆ? ಡಬ್ಬಿ ಇಲ್ಲದೆ ಹೋದರೆ ಡಬ್ಬಿ ಎಲ್ಲಿ ಎಂದು ಅವರ ಕಣ್ಣು ಕೇಳುತ್ತದೆ. ಸಾವಿನ ಮನೆಗೆ ಕಜ್ಜಾಯ ತುಂಬಿಕೊಂಡು ಹೋಗಲಾಗದು. ಖಾಲಿ ಡಬ್ಬಿಯನ್ನಂತೂ ಸಾವಿನ ಮನೆಗೆ ಒಯ್ಯಲೇಬಾರದು. ತುಂಬಿದ್ದೂ ಅಲ್ಲದ ಖಾಲಿಯೂ ಅಲ್ಲದ ಡಬ್ಬಿಯನ್ನು ಯೋಚಿಸುತ್ತ ಯೋಚಿಸುತ್ತ ನಲವತ್ತನೆಯ ದಿನದ ಕಾರ್ಯ ಕಳೆಯಿತು, ಮಳೆಗಾಲ ಕಳೆಯಿತು. ತಡವಾಗಿ ದುಃಖ ವಿಚಾರಿಸಲು ಹೋಗುವುದೆಂದರೆ ಆರುತ್ತಿರುವ ಗಾಯವನ್ನು ಕೆದಕಿದ ಹಾಗೆ, ಹೋಗದಿರುವುದೇ ಒಂದು ಬಗೆಯ ದಯೆ ಎಂಬ ವಿಚಾರವೂ ಒಂದು ಮುಂಜಾನೆ ಅವಳಿಗೆ ಹೊಳೆದು, ಅದನ್ನು ಮೂರನೆಯ ಅಧ್ಯಾಯಕ್ಕೆ ಸೇರಿಸಿದ್ದಳು.

“ಪ್ರಶ್ನೆಗಳಿದ್ರೆ ಕೇಳಬಹುದು” ಎಂದರು ವೆಂಕಟರಾಮಯ್ಯನವರು. ಯಾರೋ ಮೊಬೈಲಿನ ಬಗ್ಗೆ ಕೇಳಿದರು, ಇನ್ಯಾರೋ ಪ್ರಶ್ನೆಯಲ್ಲದ ಭಾಷಣ ಮಾಡಿದರು. ಆಮೇಲೆ ಹಿಂದಿನ ಸಾಲಿನಿಂದ ಜೋಯಾ ಎದ್ದು ನಿಂತಳು. ಅವಳ ಧ್ವನಿಯಲ್ಲಿ ಕೋಪವಿದ್ದಿದ್ದರೆ ಇಂದುವಿಗೆ ಅನುಕೂಲವಾಗುತ್ತಿತ್ತು.

“ಮೇಡಂ, ನಿಮ್ಮ ಸ್ಕೇಲ್ ಎಲ್ಲಾ ಮುಂದಕ್ಕೆ ಹಾಕೋರ ಬಗ್ಗೆ ಇದೆ. ಅವರಿಗೆ ಎಷ್ಟು ಗಿಲ್ಟ್, ಎಷ್ಟು ಟೆನ್ಶನ್, ಎಲ್ಲಾ ಅಳೆದಿದೀರ. ಅವರು ಬರ್ತಾರೆ ಅಂತ ಕಾಯ್ತಾ ಇರೋರನ್ನ ಯಾರಾದ್ರೂ ಸ್ಟಡಿ ಮಾಡಿದಾರಾ?”

“ಒಳ್ಳೇ ಪ್ರಶ್ನೆ” ಎಂದರು ವೆಂಕಟರಾಮಯ್ಯನವರು, ಖುಷಿಯಿಂದ. “ಅದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.”

ಸಭೆ ಮತ್ತೆ ನಕ್ಕಿತು. ಇಂದು ಮೈಕಿನ ಮುಂದೆ ನಿಂತೇ ಇದ್ದಳು. ಅವಳ ತಲೆಯೊಳಗೆ ಎಣ್ಣೆಯ ಬೆರಳುಗಳು ಓಡಾಡುತ್ತಿದ್ದವು. ಇಷ್ಟು ದಿನ ಆ ಕಥೆಯಲ್ಲಿ ತಾನು ಬಾಗಿಲೊಳಗೆ ಕೂತು ಹೆದರಿಕೊಂಡಿದ್ದಳು, ಎಲ್ಲರ ಹಾಗೆ. ಹೊರಗೆ ನಿಂತವಳು ಬರೆದಿದ್ದನ್ನು ನಂಬಿ ಕತ್ತಲಲ್ಲಿ ತಿರುಗಿ ನಡೆಯುವುದನ್ನು, ಆ ನಡಿಗೆಯನ್ನು, ಅವಳು ನೋಡಿರಲಿಲ್ಲ. “ಇಲ್ಲ” ಎಂದಳು. “ಯಾರೂ ಮಾಡಿಲ್ಲ.” ಮತ್ತೆ, ಯಾರಿಗೂ ಸಂಬಂಧವಿಲ್ಲದಂತೆ, “ನಾನೂ ಮಾಡಿಲ್ಲ” ಎಂದು ಕೆಳಗಿಳಿದಳು.

ಚಹಾದ ಮೇಜಿನ ಬಳಿ ಅತಿಥಿಗಳಿಗೆಂದು ತರಿಸಿದ್ದ ಸಕ್ಕರೆಯ ಪುಟ್ಟ ಕಾಗದದ ಪೊಟ್ಟಣಗಳು ಗಾಜಿನ ಲೋಟದಲ್ಲಿ ನಿಂತಿದ್ದವು. ಉದ್ಘಾಟಕರು ಇನ್ನೂ ಬಂದಿರಲಿಲ್ಲ. ಇಂದು ಒಂದನ್ನು ತೆಗೆದುಕೊಂಡಳು. ಚಹಾ ಹಂಚುತ್ತಿದ್ದ ಅಟೆಂಡರ್ ಲಕ್ಕಣ್ಣ, “ಚಾಗೆ ಸಕ್ಕರೆ ಆಗಲೇ ಹಾಕೈತೆ ಮೇಡಮ್ಮೋರೆ” ಎಂದ. “ಚಾಗಲ್ಲ ಲಕ್ಕಣ್ಣ.” ಅವಳು ಅವನ ಎದುರಿಗೇ ಪೊಟ್ಟಣ ಹರಿದು ಡಬ್ಬಿಗೆ ಸುರಿದು, ಮೇಲೆ ಕಾಗದದ ಕರವಸ್ತ್ರ ಮುಚ್ಚಿ, ರಬ್ಬರ್‌ಬ್ಯಾಂಡು ಹಾಕಿದಳು. ಲಕ್ಕಣ್ಣ ಸುತ್ತ ನೋಡಿ, ಲೋಟದಿಂದ ಇನ್ನೂ ಎರಡು ಪೊಟ್ಟಣ ತೆಗೆದು ಅವಳ ಕೈಗಿಟ್ಟು, “ಇಟ್ಕಳಿ, ಇವೂ ಹಾಕ್ಕಳಿ. ಯಾರೂ ಕೇಳಾಕಿಲ್ಲ” ಎಂದು ಪಿಸುಗುಟ್ಟಿದ. ಕಳ್ಳಿಯಾಗಿ ಕಂಡೆ ಎಂದು ಅವಳ ಕಿವಿ ಬಿಸಿಯಾಯಿತು. ಪೊಟ್ಟಣಗಳನ್ನು ಅಲ್ಲೇ ಇಟ್ಟು ಹೊರಟಳು.

ಬಸ್ಸಿನಲ್ಲಿ ಅವಳು ಡಬ್ಬಿಯನ್ನು ಚೀಲದಲ್ಲಿಡದೆ ತೊಡೆಯ ಮೇಲೆ ಎರಡು ಕೈಯಲ್ಲಿ ಹಿಡಿದು ಕೂತಳು. ಯಶವಂತಪುರದಲ್ಲಿ ಇಳಿದು ಬಸ್ಸು ಬದಲಾಯಿಸಬೇಕು. ಅಲ್ಲಿಂದ ಮನೆಯ ಕಡೆಗೂ ಬಸ್ಸುಗಳಿವೆ, ಖಾಲಿಯಾಗಿ, ಕಿಟಕಿಯ ಪಕ್ಕದ ಸೀಟಿನೊಡನೆ, ಅವಳಿಗಾಗಿಯೇ ನಿಂತಂತೆ. ಮೋಟರ್ ರಿವೈಂಡಿಂಗ್ ಅಂಗಡಿಗಳ ಸಾಲಿನಲ್ಲಿ ಹಬೀಬುಲ್ಲಾ ಅಂಕಲ್ಲಿನ ಅಂಗಡಿ ಎಲ್ಲಿತ್ತೆಂದು ಕಣ್ಣು ಹುಡುಕಿತು. ಅಲ್ಲೀಗ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಅವರು ಸಂಜೆ ಸ್ಕೂಟರಿನಲ್ಲಿ ಬರುವಾಗ ಬೀದಿಗೆಲ್ಲ ವಾರ್ನಿಶ್ಶಿನ ವಾಸನೆ ಬರುತ್ತಿತ್ತು, “ಡಾಕ್ಟರಮ್ಮ, ಏನ್ ಸಮಾಚಾರ? ನಿಮ್ಮ ಪುಸ್ತಕ ಎಲ್ಲಿಗ್ ಬಂತು?” ಎಂದು ಅವಳು ಎಂ.ಎ. ಓದುವಾಗಿನಿಂದಲೇ ಕೇಳುತ್ತಿದ್ದರು. ಇನ್ನೊಂದು ಬಸ್ಸು ಹತ್ತಿ ಕೂತ ಮೇಲೆ ಕಂಡಕ್ಟರ್ ಬಂದು, “ಎಲ್ಲಿಗಮ್ಮ?” ಎಂದ. ಅವಳ ಕಣ್ಣು ಇನ್ನೂ ಕಿಟಕಿಯಾಚೆ, ಮನೆಯ ಕಡೆಯ ಬಸ್ಸಿನ ಮೇಲಿತ್ತು. “ಎಲ್ಲಿಗ್ ಹೋಗ್ಬೇಕು ಅಂತಾನೂ ಗೊತ್ತಿಲ್ವಾ? ಫ್ರೀ ಟಿಕೆಟ್ಟಾದ್ರೂ ಸ್ಟಾಪ್ ಹೇಳ್ಬೇಕು ಕಣಮ್ಮ.” ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. “ಆರ್.ಟಿ. ನಗರ” ಎಂದಳು ಇಂದು, ಅಗತ್ಯಕ್ಕಿಂತ ಜೋರಾಗಿ.

ಮೊದಲನೆಯ ಮಹಡಿಯ ಮನೆ. ಬಾಗಿಲು ತೆರೆದೇ ಇತ್ತು. ಸಬೀರಾ ಆಂಟಿ ನೆಲದ ಮೇಲೆ ಕಾಲು ಚಾಚಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ತಲೆ ಎತ್ತಿ, ಕನ್ನಡಕದ ಮೇಲಿನಿಂದ ನೋಡಿ, ಎದ್ದೇಳದೆ, “ಜೋಯಾ ಫೋನ್ ಮಾಡಿದ್ಲು” ಎಂದರು. “ಮಮ್ಮಿ, ಇಂದು ಅಕ್ಕ ಇವತ್ತು ಬರಬಹುದು ಅಂದ್ಲು. ಬರಲ್ಲ ಬಿಡು ಅಂದೆ ನಾನು.”

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯಗಳಿದ್ದವು. ಕ್ಷಮೆಯ ವಾಕ್ಯ, ಅಂಕಲ್ಲಿನ ಒಳ್ಳೆಯತನದ ವಾಕ್ಯ, ಅಜ್ಜಿಯ ಹೆಸರಿನ ವಾಕ್ಯ. ಇಂದುವಿನ ಬಾಯಿಂದ ಬಂದದ್ದು, “ಆಂಟಿ, ಡಬ್ಬಿ.”

“ನನಗೇನು ಕಣ್ಣಿಲ್ವಾ. ಬಾ ಒಳಗೆ, ಬಾಗಿಲಲ್ಲಿ ನಿಂತ್ಕೋಬೇಡ ಭಿಕ್ಷದವರ ತರ.” ಅವರು ಡಬ್ಬಿ ತೆಗೆದುಕೊಂಡು ರಬ್ಬರ್‌ಬ್ಯಾಂಡು ಬಿಡಿಸಿ ಒಳಗೆ ನೋಡಿದರು. ಬಸ್ಸಿನ ಕುಲುಕಾಟಕ್ಕೆ ಸಕ್ಕರೆ ಒಂದು ಬದಿಗೆ ಸೇರಿತ್ತು, ಇರುವೆಗೂ ಸಾಲದಷ್ಟು. ಇಂದು ನೆಲ ನೋಡಿದಳು. “ಅಜ್ಜಿ ಹೇಳಿದ್ರು...” ಎಂದಳು. ಆಂಟಿಯ ಭುಜ ಕುಲುಕಿತು; ಅಳುತ್ತಿದ್ದಾರೆಂದುಕೊಂಡರೆ ನಗುತ್ತಿದ್ದರು. “ಯಾ ಅಲ್ಲಾ, ಇಷ್ಟಕ್ಕೇ ಇಷ್ಟು ದಿನಾನಾ ಬೇಟಾ? ಇದನ್ನ ಹೊರೋಕಾಗ್ಲಿಲ್ವಾ?” ಒಳಗೆ ಹೋಗಿ ಚಹಾಕ್ಕೆ ಇಟ್ಟು, ಡಬ್ಬಿಯನ್ನು ಪಾತ್ರೆಯ ಮೇಲೆ ಬೋರಲು ಹಾಕಿ ಬೆರಳಿನಿಂದ ತಟ್ಟಿ ತಟ್ಟಿ ಸಕ್ಕರೆ ಉದುರಿಸಿದರು. ಚಹಾ ತಂದುಕೊಟ್ಟು ಎದುರಿಗೆ ಕೂತು ಮತ್ತೆ ಬೆಳ್ಳುಳ್ಳಿ ಎತ್ತಿಕೊಂಡರು. ಒಂದು ಎಸಳು, ಇನ್ನೊಂದು ಎಸಳು. ತಲೆ ಎತ್ತದೆ, “ಎಲ್ಲರೂ ಬಂದ್ರು, ಎಲ್ಲರೂ ಕೇಳಿದ್ರು. ನೀನು ಕೇಳಲ್ವಾ?” ಎಂದರು.

“ಏನಾಯ್ತು ಆಂಟಿ ಅಂಕಲ್‌ಗೆ?”

ಅವರು ಮೊದಲಿನಿಂದ ಹೇಳಿದರು. ಬೆಳಗಿನ ನಮಾಜು ಮುಗಿಸಿ ಬಂದು ಚಹಾಕ್ಕೆ ಸಕ್ಕರೆ ಜಾಸ್ತಿ ಕೇಳಿದ್ದು, ತಾನು ಬೈದದ್ದು. ಯಾರದೋ ಬೋರ್‌ವೆಲ್ ಮೋಟರು ಅರ್ಜೆಂಟಿದೆ ಎಂದು ಬೇಗ ಹೊರಟದ್ದು. ಪಕ್ಕದ ಅಂಗಡಿಯ ಚಿಕ್ಕಬೈರಪ್ಪ ಫೋನು ಮಾಡಿದ್ದು, ತಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದ್ದು. ಇಂದು ಹೇಳಬಲ್ಲೆನೆಂದುಕೊಂಡಿದ್ದ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ. ಕೇಳುವುದಕ್ಕೆ ಮಾತ್ರ ಇತ್ತು, ಮತ್ತು ಆ ಜಾಗ ಇಷ್ಟು ತಿಂಗಳೂ ಹಾಗೇ ಇತ್ತು. “ಸಾಯಂಕಾಲ ಚಿಕ್ಕಬೈರಪ್ಪ ಕ್ಯಾರಿಯರ್ ತಂದುಕೊಟ್ಟ” ಎಂದರು ಆಂಟಿ. “ಮುಟ್ಟೇ ಇರ್ಲಿಲ್ಲ. ಬೆಳಿಗ್ಗೆ ಕಟ್ಟಿಕೊಟ್ಟ ಹಾಗೇ, ತುಂಬಿಕೊಂಡೇ ವಾಪಸ್ ಬಂತು.”

ಅವರು ಎದ್ದು ಅಡುಗೆಮನೆಯ ಮೇಲಿನ ಹಲಗೆಯಿಂದ ಕ್ಯಾರಿಯರನ್ನು ಇಳಿಸಿ ತಂದು ನಡುವೆ ಇಟ್ಟರು. ಎರಡು ಡಬ್ಬಿಗಳ ನಡುವೆ ಮಡಿಸಿ ಮಡಿಸಿ ಗುಂಡಗೆ ಮಾಡಿದ ಒಂದು ಹಳೆಯ ಟವಲು ಸಿಕ್ಕಿಕೊಂಡಿತ್ತು. “ಒಂದು ಡಬ್ಬಿ ಕಮ್ಮಿ ಆದ್ರೆ ಕೊಂಡಿ ಕೂರಲ್ಲ ಇದಕ್ಕೆ, ಲೊಟಲೊಟ ಅನ್ನುತ್ತೆ. ಸಾರೆಲ್ಲಾ ಸ್ಕೂಟರ್ ಮೇಲೆ. ಇಂದು ಮನೆಗೆ ಹೋಗಿ ತಗೊಂಡು ಬರ್ತೀನಿ ಅಂದೆ. ಬೇಡ ಬೇಡ, ಕೇಳಿದ್ರೆ ಹುಡುಗಿಗೆ ಬೇಜಾರಾಗುತ್ತೆ, ನಾಳೆ ತರ್ತೀನಿ ಅಂದಿದಾಳಲ್ಲ, ತರ್ತಾಳೆ ಅಂತ ಅವರೇ ಈ ಟವಲ್ ಇಟ್ಕೊಂಡ್ರು. ಕೊನೇ ತನಕ ಹಿಂಗೇ ತಗೊಂಡು ಹೋದ್ರು.”

ಇಂದುವಿನ ಕೈಯಲ್ಲಿ ಚಹಾ ಆರುತ್ತಿತ್ತು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಆಂಟಿ ಕ್ಯಾರಿಯರನ್ನು ಅವಳ ಕಡೆಗೆ ಸರಿಸಿ, “ನೀನೇ ಹಾಕು” ಎಂದರು. “ನಿಮ್ಮಜ್ಜಿ ನಿನಗೆ ತಾನೆ ಹೇಳಿದ್ದು.”

ಅವಳು ಕೊಂಡಿ ಸಡಿಲಿಸಿ ಮೇಲಿನ ಡಬ್ಬಿ ತೆಗೆದಳು. ಟವಲನ್ನು ಎತ್ತಿದರೆ ಮಡಿಕೆ ಬಿಚ್ಚಿಕೊಳ್ಳಲಿಲ್ಲ. ಅಷ್ಟು ದಿನ ಒತ್ತಿಸಿಕೊಂಡು ಅದು ಡಬ್ಬಿಯ ಆಕಾರವನ್ನೇ ಕಲಿತಿತ್ತು. ವಾರ್ನಿಶ್ಶಿನ ವಾಸನೆ ಎದ್ದಿತು. ಆಂಟಿ ಕೈ ಚಾಚಿ ಅದನ್ನು ಹಾಗೆಯೇ, ಬಿಚ್ಚದೆ, ಇಸಿದುಕೊಂಡು ಮಡಿಲಿನಲ್ಲಿಟ್ಟುಕೊಂಡರು. ಇಂದು ಡಬ್ಬಿಯ ಎರಡು ಕಿವಿಗಳನ್ನು ಸರಳುಗಳಿಗೆ ಹಿಡಿದಳು. ಒಂದು ಕಡೆ ತೂರಿದರೆ ಇನ್ನೊಂದು ಕಡೆ ತಪ್ಪಿತು. “ನಿಧಾನ” ಎಂದರು ಆಂಟಿ. ಮತ್ತೆ ಹಿಡಿದಳು. ಡಬ್ಬಿ ಇಳಿದು ತನ್ನ ಜಾಗದಲ್ಲಿ ಕೂತಿತು. ಮೇಲಿನ ಡಬ್ಬಿಯನ್ನು ಅದರ ಮೇಲಿಟ್ಟು, ಮುಚ್ಚಳ ಹಾಕಿ, ಕೊಂಡಿಯನ್ನು ಎರಡು ಹೆಬ್ಬೆರಳುಗಳಿಂದ ಒತ್ತಿದಳು.

ಟಕ್ ಎಂದಿತು.